ಇಲ್ಲಿ ಯಾರಿಗ್ರಿ ಗೊತ್ತಾಗತೈತಿ?

“ಇಲ್ಲಿ ಯಾರಿಗ್ರಿ ಗೊತ್ತಾಗತೈತಿ? ನೀವು ಬೆಂಗಳೂರಾಗ ಇರತೀರಿ, ಅದಕ್ಕ ಇಷ್ಟ ಕೇಳಾಕತ್ತೀರಿ.”

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ, ಸೆಕೆಂಡ್ ಹ್ಯಾಂಡ್ ಗಿಟಾರ್ ಮಾರಲು ಕೂತಿದ್ದ ಒಬ್ಬ ಮನುಷ್ಯ ನನಗೆ ಹೇಳಿದ ಮಾತಿದು. ಅವನ ಗಿಟಾರಿಗಿಂತ ಈ ಮಾತೇ ನನ್ನನ್ನು ಹೆಚ್ಚು ಕೆರಳಿಸಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ನಮ್ಮಕ್ಕನನ್ನು ಕೊಟ್ಟದ್ದು ಬನಹಟ್ಟಿಗೆ. ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಅವಳ ಮಗ ಪಿಯುಸಿ ಹುಡುಗ, ಮೊಬೈಲ್ ನೋಡಿ ನೋಡಿ ಗಿಟಾರಿನ ಹುಚ್ಚು ಹತ್ತಿಸಿಕೊಂಡಿದ್ದಾನೆ. ಅಕ್ಕ ಕಂಡಿಕಿ ಸುತ್ತಿ ಕೂಡಿಟ್ಟ ದುಡ್ಡಿನಲ್ಲಿ 7,500 ರೂಪಾಯಿ ಅವನಿಗಾಗಿ ತೆಗೆದಿಟ್ಟಿದ್ದಳು. ಜಮಖಂಡಿಯಲ್ಲಿ ಒಬ್ಬರ ಹತ್ತಿರ “ಫಾರಿನ್ ಕಂಪನಿ, ಒರಿಜಿನಲ್” ಗಿಟಾರ್ ಇದೆ ಅಂತ ಗೊತ್ತಾಗಿ ನಾನು, ಭಾವ, ಹುಡುಗ ಮೂವರೂ ಹೋದೆವು.

ನೋಡಲು ಚೆಂದಿತ್ತು. ಮೇಲಿನ ತುದಿಯಲ್ಲಿ ದೊಡ್ಡ ಕಂಪನಿಯ ಹೆಸರು. ನಡುವಿನ ದುಂಡನೆಯ ರಂಧ್ರದೊಳಗೆ ಇಣುಕಿದರೆ ಒಂದು ಲೇಬಲ್, ಅದರಲ್ಲೊಂದು ಮಾಡೆಲ್ ನಂಬರ್. ನಾನು ಆ ನಂಬರನ್ನು ಮೊಬೈಲಿನಲ್ಲಿ ಹುಡುಕಿದೆ. ಆ ಮಾಡೆಲ್ಲಿನ ಮುಂಭಾಗದ ಹಲಗೆ ಇಡಿಯಾದ ಸ್ಪ್ರೂಸ್ ಮರದ್ದು ಅಂತ ಕಂಪನಿಯೇ ಬರೆದುಕೊಂಡಿತ್ತು. ಅಷ್ಟರಲ್ಲಿ ಭಾವ ಆ ರಂಧ್ರದ ಅಂಚಿಗೆ ಉಗುರು ಆಡಿಸಿ, ಬೆಳಕಿಗೆ ಹಿಡಿದು ನೋಡಿ, “ಇದು ಒಂದ ಕಟ್ಟಿಗಿ ಅಲ್ಲೋ ತಮ್ಮಾ. ಪದರ ಪದರ ಐತಿ. ಪ್ಲೈವುಡ್” ಅಂದರು.

ಭಾವ ಹುಟ್ಟಿದಾಗಿನಿಂದ ಗಿಟಾರ್ ಮುಟ್ಟಿದವರಲ್ಲ. ಆದರೆ ಬಟ್ಟೆ ಮೇಲೆ ಬೆರಳಾಡಿಸಿ ನೂಲು ಎಂಥದ್ದು ಅಂತ ಹೇಳುವ ಮನುಷ್ಯ. ಬಿಲ್ಲು ಕೇಳಿದರೆ ಇಲ್ಲ, ಯಾರಿಂದ ತಂದಿರಿ ಅಂದರೆ ನೆನಪಿಲ್ಲ. ಆಮೇಲೆ ಬಂತು ಆ ಮಾತು: ಇಲ್ಲಿ ಯಾರಿಗ್ರಿ ಗೊತ್ತಾಗತೈತಿ? ಗೊತ್ತುಹಚ್ಚಿದವರು ಅವನ ಎದುರಿಗೇ ನಿಂತಿದ್ದರು. ಆದರೂ ಅವನು ಮಾತಾಡಿದ್ದು ನನ್ನ ಜೊತೆ. ಬೆಂಗಳೂರಿನ ಚಪ್ಪಲಿ ಹಾಕಿದವನಿಗೆ ಮಾತ್ರ ಕಣ್ಣಿದೆ ಅಂತ ಅವನ ಲೆಕ್ಕ.

ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಪ್ಲೈವುಡ್ ಗಿಟಾರ್ ಕೆಟ್ಟದ್ದಲ್ಲ. ಕಲಿಯುವವರ ಕಡಿಮೆ ಬೆಲೆಯ ಗಿಟಾರುಗಳಲ್ಲಿ ಬಹಳಷ್ಟು ಪದರದ ಹಲಗೆಯವೇ. ಪದರದ ಹಲಗೆಗೆ ಇಡೀ ಮರದ ಲೇಬಲ್ ಅಂಟಿಸಿ, ಅದರ ಬೆಲೆ ಕೇಳುವುದು ಮೋಸ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ, ಸುಳ್ಳು ಗುರುತಿನ ಮಾಲು ಅಂತ ಗೊತ್ತಿದ್ದೂ ಮಾರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲಿದೆ. ನಮ್ಮ ಗೆಳೆಯನೊಬ್ಬ “ಹೋಗ್ಲಿ ಬಿಡೋ, ಬಾರಿಸಿದ್ರ ಸೌಂಡ್ ಬರತೈತಲ್ಲ” ಅಂದ. ಬರುತ್ತೆ. ಹಾಗಾದರೆ ಹೆಸರು ಕೆರೆದು ತೆಗೆದು ಎರಡು ಸಾವಿರಕ್ಕೆ ಮಾರಲಿ, ಯಾರು ಬೇಡ ಅಂತಾರೆ? ಉಳಿದ ಐದೂವರೆ ಸಾವಿರ ಕೇಳುತ್ತಿರುವುದು ಆ ಸುಳ್ಳು ಹೆಸರಿಗೆ ತಾನೇ?

ದುಡ್ಡಿನ ಮಾತು ಬಿಡಿ, ಅದಕ್ಕಿಂತ ದೊಡ್ಡ ನಷ್ಟ ಒಂದಿದೆ. ಅದು ನನಗಾಗಿದೆ.

ಬಿಇ ಮುಗಿಸಿ ಬೆಂಗಳೂರು ಸೇರಿದ ಹೊಸದರಲ್ಲಿ ನಾನೂ ಒಂದು ಹಳೆಯ ಗಿಟಾರ್ ಕೊಂಡಿದ್ದೆ, 9,000 ಕೊಟ್ಟು. ನೋಡಿದ್ದು ಹೆಸರೊಂದೇ. ಆರು ತಿಂಗಳು ದಿನಾ ರಾತ್ರಿ ಒದ್ದಾಡಿದೆ. ತಂತಿ ಒತ್ತಿದರೆ ಬೆರಳು ಸೀಳುತ್ತಿತ್ತು, ಸ್ವರ ಮಾತ್ರ ಸರಿ ಬರುತ್ತಿರಲಿಲ್ಲ. ಎಮ್ಮೆ ಕಾಯ್ದ ಕೈಗೆ ಇದೆಲ್ಲ ಒಗ್ಗೋದಿಲ್ಲ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡು ಅದನ್ನು ಕಪಾಟಿನ ಮೇಲಕ್ಕೆ ಎಸೆದೆ. ಎಷ್ಟೋ ವರ್ಷದ ಮೇಲೆ, ಬಾರಿಸಲು ಬರುವ ಸಹೋದ್ಯೋಗಿಯೊಬ್ಬ ಅದನ್ನು ನೋಡಿ ನಕ್ಕ. ಕತ್ತು ಬಾಗಿತ್ತು. 12ನೇ ಫ್ರೆಟ್ಟಿನ ಮೇಲೆ ತಂತಿ ಎರಡು, ಎರಡೂವರೆ ಮಿಲಿಮೀಟರ್ ಎತ್ತರದಲ್ಲಿರಬೇಕಾದದ್ದು ಐದು ಮಿಲಿಮೀಟರ್ ಮೇಲಿತ್ತು. ಕೆಟ್ಟದ್ದು ವಾದ್ಯ, ನಾನು ಬೈದುಕೊಂಡದ್ದು ನನ್ನ ಕೈಯನ್ನು.

ನಗರದ ಹುಡುಗನಿಗೆ ಪಕ್ಕದಲ್ಲೇ ಮೇಷ್ಟ್ರು ಇರ್ತಾರೆ, “ನಿನ್ನ ತಪ್ಪಲ್ಲ, ಗಿಟಾರ್ ಸರಿಯಿಲ್ಲ” ಅಂತ ಹೇಳ್ತಾರೆ. ಬೀಳಗಿಯ ಹಳ್ಳಿಯೊಂದರಲ್ಲಿ ಒಬ್ಬನೇ ಕೂತು ಮೊಬೈಲ್ ನೋಡಿ ಕಲಿಯುವ ಹುಡುಗನಿಗೆ ಯಾರು ಹೇಳಬೇಕು? ಅವನು ಸುಮ್ಮನೆ ಬಿಟ್ಟುಬಿಡ್ತಾನೆ, ಇದು ನಮ್ಮಂಥವರಿಗಲ್ಲ ಅಂದುಕೊಳ್ತಾನೆ.

ಈಗ ಬೈಗುಳ ನಮ್ಮ ಕಡೆಗೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂದರೆ ಏನೂ ತಿಳಿಯದವರ ಊರುಗಳಾ? ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸದ ರೈತ ಯಾರಿದ್ದಾನೆ? ನಡು ಸಣ್ಣಗಿರುವ ಯಾವುದೋ ನಾಯಿ ತಂದು ಮುಧೋಳ ನಾಯಿ ಅಂದರೆ ಮುಧೋಳದವರು ನಗ್ತಾರೆ. ಸೀರೆ ತಿರುವಿ ಹಿಂಬದಿ ನೋಡದೆ ನಮ್ಮ ಹೆಣ್ಮಕ್ಕಳು ದುಡ್ಡು ಬಿಚ್ಚೋದಿಲ್ಲ. ಶ್ರೀಕೃಷ್ಣ ಪಾರಿಜಾತದ ಮೇಳಕ್ಕೆ ಹಳೆಯ ಹಾರ್ಮೋನಿಯಂ ಕೊಳ್ಳಲು ಹೋದ ಹಿರಿಯರು ಮೊದಲು ಗಾಳಿ ತುಂಬಿ, ಯಾವ ಮನೆಯನ್ನೂ ಒತ್ತದೆ, ಗಾಳಿ ಸೋರುತ್ತದೇನು ಅಂತ ನೋಡ್ತಾರೆ. ಹೆಸರು ಆಮೇಲೆ. ಇಷ್ಟೆಲ್ಲ ಗೊತ್ತಿರುವ ನಾವು, ಇಂಗ್ಲಿಷ್ ಅಕ್ಷರ ಬರೆದ ಒಂದು ಸಾಮಾನು ಕಂಡ ಕೂಡಲೇ ಕೈ ಕಟ್ಟಿ ನಿಲ್ತೀವಿ. ಆ ಮನುಷ್ಯನ ಧೈರ್ಯ ಹುಟ್ಟಿದ್ದು ಅಲ್ಲಿಂದ.

ಗಿಟಾರೂ ಎತ್ತಿನ ಹಾಗೇ. ತುದಿಯಿಂದ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿ, ಬಾಗಿದ್ದರೆ ಕಾಣುತ್ತೆ. ಟೇಪ್ ಹಿಡಿದು ಅಳೆಯಿರಿ: ತಂತಿ ಶುರುವಾಗುವ ಮೇಲಿನ ಪಟ್ಟಿಯಿಂದ 12ನೇ ಫ್ರೆಟ್ಟಿಗೆ ಎಷ್ಟೋ, ಅಲ್ಲಿಂದ ಕೆಳಗಿನ ಪಟ್ಟಿಗೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು, ಕೆಳಗೆ ಕೂದಲೆಳೆಯಷ್ಟು ಹೆಚ್ಚು. 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ತಾಕಿಸಿ ಮೀಟಿದಾಗ ಬರುವ ಸ್ವರವೂ ಅಲ್ಲೇ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಕಿವಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಪುಕ್ಕಟೆ ಟ್ಯೂನರ್ ಆ್ಯಪ್ ಇದೆ. ಎಲ್ಲಾ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ, ಎಲ್ಲಾದರೂ ಝರ್ ಅನ್ನುತ್ತದೆಯೋ ಕೇಳಿ. ತಂತಿ ಕಟ್ಟುವ ಕೆಳಗಿನ ಮರದ ಬುಡಕ್ಕೆ ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಟ್ಟಿದೆ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿಗೆ ಅಂಟೂ ಬಿಡುತ್ತೆ, ಹಲಗೆಯೂ ಸೀಳುತ್ತೆ.

ಇಷ್ಟಾದ ಮೇಲೆ ಹೆಸರಿಗೆ ಬನ್ನಿ. ನಂಬರ್ ಇದ್ದ ಮಾತ್ರಕ್ಕೆ ಅಸಲಿ ಅಲ್ಲ. ಅಮೆರಿಕದ ಮಾರ್ಟಿನ್ ಕಂಪನಿ 1898ರಲ್ಲಿ 8000ದಿಂದ ಶುರುಮಾಡಿ ಗಿಟಾರುಗಳಿಗೆ ನಂಬರ್ ಹಾಕುತ್ತಾ ಬಂದಿದೆ. ನಂಬರ್ ನೋಡಿದರೆ ಯಾವ ವರ್ಷದ್ದು ಅಂತ ಹೇಳಬಹುದು. ಆದರೆ ನಂಬರ್ ಕದಿಯೋದು ಕಷ್ಟವೇನಲ್ಲ. ನಂಬರ್ ಹೇಳುವ ಮಾಡೆಲ್ಲೂ ಕೈಯಲ್ಲಿರುವ ಕಟ್ಟಿಗೆಯೂ ಒಂದಕ್ಕೊಂದು ಹೊಂದುತ್ತವೆಯೇ ಅನ್ನೋದನ್ನು ನೋಡಬೇಕು. ಹಾಗೇ, ಗಿಬ್ಸನ್ ಬೇರೆ, ಗಿವ್ಸನ್ ಬೇರೆ. ಗಿವ್ಸನ್ ಕೋಲ್ಕತ್ತಾದ ಕಂಪನಿ, ತನ್ನ ಹೆಸರಿನಲ್ಲೇ ತನ್ನ ಗಿಟಾರ್ ಮಾರುತ್ತೆ. ಅದನ್ನು ಅದೇ ಅಂತ ಹೇಳಿ ಮಾರಿದರೆ ಅದೂ ಒರಿಜಿನಲ್ಲೇ. ಬೆಂಗಳೂರಿನಲ್ಲಿ ಅದನ್ನು ಕಂಡು ಮೂಗು ಮುರಿಯುವವರು ಬೇಕಾದರೆ ಮುರಿದುಕೊಳ್ಳಲಿ.

ನಮ್ಮ ಹುಡುಗನಿಗೆ ಕೊನೆಗೆ ಸಿಕ್ಕಿದ್ದು ನಮ್ಮ ದೇಶದ್ದೇ ಒಂದು ಗಿಟಾರ್, ಮುಧೋಳದ ಕಾಲೇಜು ಹುಡುಗನೊಬ್ಬನಿಂದ, 2,800ಕ್ಕೆ. “ಹಿಂದ ಒಂದು ಗೀರು ಐತ್ರಿ, ಮೊದಲ ನೋಡ್ಕೊಳ್ರಿ” ಅಂತ ಅವನೇ ತಿರುವಿ ತೋರಿಸಿದ. ಕತ್ತು ನೆಟ್ಟಗಿತ್ತು. ಉಳಿದ ದುಡ್ಡಿನಲ್ಲಿ ಹೊಸ ತಂತಿ, ಒಂದು ಚೀಲ ಬಂತು. ಮಿಕ್ಕದ್ದು ಅಕ್ಕನ ಡಬ್ಬಿಗೆ ವಾಪಸ್ ಹೋಯ್ತು. “ಒರಿಜಿನಲ್ ಹೌದಲ್ಲೋ ತಮ್ಮಾ?” ಅಂತ ಅಕ್ಕ ಫೋನಿನಲ್ಲಿ ಕೇಳಿದಳು. ಹೌದು ಅಂದೆ.

ಜಮಖಂಡಿಯ ಆ ಗಿಟಾರ್ ಇನ್ನೂ ಅಲ್ಲೇ ಇರಬಹುದು, ಇನ್ಯಾರದೋ ಅಕ್ಕನ ದುಡ್ಡಿಗೆ ಕಾಯುತ್ತಾ. ಕೊಳ್ಳಲು ಹೋಗುವವರು ಬೆಂಗಳೂರಿನವರನ್ನು ಕರೆದುಕೊಂಡು ಹೋಗಬೇಕಿಲ್ಲ. ಬೆಳಕಿಗೆ ಹಿಡಿದು, ಅಂಚಿಗೆ ಉಗುರು ಆಡಿಸಿ. ಗೊತ್ತಾಗತೈತಿ.