ಉಳಿದ 52 ಮಂದಿಯ ವರ್ಷ

2023ರ ಜನವರಿ 29, ಫಿಲಡೆಲ್ಫಿಯಾ. ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಗೆದ್ದವರು ಫೈನಲ್ ಆದ ಸೂಪರ್ ಬೌಲ್‌ಗೆ ಹೋಗುವ ಪಂದ್ಯ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡ ಸತತ 12 ಪಂದ್ಯ ಗೆದ್ದುಕೊಂಡು ಅಲ್ಲಿಗೆ ಬಂದಿತ್ತು. ಮೊದಲ ಸರದಿಯಲ್ಲೇ, ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಚೆಂಡೆಸೆಯಲು ತೋಳೆತ್ತಿದ ಹೊತ್ತಿಗೆ, ಎದುರಾಳಿ ಹಸಾನ್ ರೆಡಿಕ್ ಅದೇ ತೋಳಿಗೆ ಹೊಡೆದರು. ಮೊಣಕೈ ಲಿಗಮೆಂಟ್ ಹರಿಯಿತು. ಬದಲಿಗೆ ಬಂದವರು ಜಾಷ್ ಜಾನ್ಸನ್. ಡಿಸೆಂಬರಿನಲ್ಲಷ್ಟೇ ತಂಡ ಸೇರಿದವರು. ಅರ್ಧ ಪಂದ್ಯ ಮುಗಿಯುವ ಮುನ್ನ ಸೆಂಟರ್ ಹಿಂದಕ್ಕೆ ಕೊಟ್ಟ ಸ್ನ್ಯಾಪ್ ಅವರ ಕೈಜಾರಿತು. ಆ ಚೆಂಡು ಎದುರಾಳಿಯ ಪಾಲಾಗಿ ಟಚ್‌ಡೌನ್ ಆಯಿತು. ಮೂರನೇ ಕ್ವಾರ್ಟರಿನಲ್ಲಿ ಅವರ ತಲೆಗೂ ಪೆಟ್ಟು ಬಿತ್ತು. ಬೇರೆ ಯಾರೂ ಇಲ್ಲದೆ ಹರಿದ ಮೊಣಕೈಯ ಪರ್ಡಿಯನ್ನೇ ಮತ್ತೆ ಇಳಿಸಬೇಕಾಯಿತು. ದೂರಕ್ಕೆ ಎಸೆಯುವ ಶಕ್ತಿ ಆ ತೋಳಿಗಿರಲಿಲ್ಲ. ಚೆಂಡು ಹಿಡಿಯುವುದು, ಓಡುವವನ ಕೈಗೆ ಕೊಡುವುದು, ಇಷ್ಟೇ. ಅದು ಎದುರಾಳಿಗೂ ಗೊತ್ತು. 31-7ರಲ್ಲಿ ಎಲ್ಲ ಮುಗಿಯಿತು.

ಆ ತಂಡದ ಮೈದಾನ ಸಾಂತಾ ಕ್ಲಾರಾದಲ್ಲಿದೆ. ಸುತ್ತಮುತ್ತ ಎಷ್ಟೋ ಕನ್ನಡದ ಮನೆಗಳಿವೆ; ಅಲ್ಲಿ ಬೆಳೆದ ಮಕ್ಕಳಿಗೆ ಆ ಭಾನುವಾರ ಇನ್ನೂ ನೆನಪಿರಬಹುದು. ನಮ್ಮ ಕಣ್ಣು ಆ ದಿನ ನಿಂತದ್ದು ಪರ್ಡಿಯ ಮೇಲಲ್ಲ, ಅವರ ಮುಂದೆ ಗೋಡೆಯಾಗಿ ನಿಲ್ಲುವ ಟ್ರೆಂಟ್ ವಿಲಿಯಮ್ಸ್ ಮೇಲೆ. ವಯಸ್ಸು 34. ಆಟದ ಅತ್ಯುತ್ತಮ ಟ್ಯಾಕಲ್‌ಗಳಲ್ಲಿ ಒಬ್ಬರು, ಸೂಪರ್ ಬೌಲ್ ಗೆದ್ದವರಲ್ಲ. ಅವರ ದೇಹಕ್ಕೆ ಏನೂ ಆಗಿರಲಿಲ್ಲ. ಇನ್ನೊಬ್ಬರ ಮೊಣಕೈ ಹರಿದದ್ದಕ್ಕೆ ಅವರ ವರ್ಷ ಹೋಯಿತು.

ಬದಲಿ ಕ್ವಾರ್ಟರ್‌ಬ್ಯಾಕ್ ವಿಷಯವನ್ನು ನಾವು ನೋಡುವುದು ಈ ಕಡೆಯಿಂದ. ತಂಡದಲ್ಲಿ 53 ಜನ. ಪ್ರತಿ ಆಟವೂ ಒಬ್ಬನ ಕೈಯಿಂದಲೇ ಶುರು. ಆ ಒಬ್ಬನಿಗೆ ಪೆಟ್ಟಾದರೆ ಯಾರು ಎಂಬುದು ಆ ಒಬ್ಬನ ಪ್ರಶ್ನೆಯಲ್ಲ, ಉಳಿದ 52 ಮಂದಿಯದು. ಆದರೂ ಮಾರ್ಚ್ ತಿಂಗಳಲ್ಲಿ, ಆಟಗಾರರ ಒಪ್ಪಂದಗಳಾಗುವ ಹೊತ್ತಿನಲ್ಲಿ, ಹಲವು ತಂಡಗಳು ಈ ಜಾಗವನ್ನು ಕೊನೆಗೆ ತುಂಬುತ್ತವೆ, ಮಿಕ್ಕಿದ ಹಣದಲ್ಲಿ ತುಂಬುತ್ತವೆ. 2025ರಲ್ಲಿ ಪ್ರತಿ ತಂಡದ ಸಂಬಳದ ಮಿತಿ 27.92 ಕೋಟಿ ಡಾಲರ್. ಅಗ್ರ ಕ್ವಾರ್ಟರ್‌ಬ್ಯಾಕ್ ಒಬ್ಬರಿಗೇ ವರ್ಷಕ್ಕೆ 5 ಕೋಟಿ ದಾಟುತ್ತದೆ. ಇಷ್ಟು ಕೊಟ್ಟ ಮೇಲೆ ಬೆಂಚಿನ ಮೇಲೆ ಕೂರುವವನಿಗೂ ಸುರಿಯಬೇಕೇ ಎನ್ನುವ ಮ್ಯಾನೇಜರರ ಲೆಕ್ಕ ನಮಗೆ ಅರ್ಥವಾಗುತ್ತದೆ. ‘ಮೊದಲಿನವನೇ ಹೋದರೆ ಆ ವರ್ಷ ಹೇಗೂ ಹೋದಂತೆ’ ಎಂಬ ಮಾತು ಮಾತ್ರ ಒಪ್ಪಲಾಗದು. ಅದು ಸುಳ್ಳು.

1972ರ ಮಯಾಮಿ ಡಾಲ್ಫಿನ್ಸ್ ಒಂದೂ ಪಂದ್ಯ ಸೋಲದೆ, 17-0 ಎಂದು ವರ್ಷ ಮುಗಿಸಿದ ಒಂದೇ ತಂಡ. ಅದರ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಐದನೇ ಪಂದ್ಯದಲ್ಲೇ ಕಾಲು ಮುರಿದುಕೊಂಡಿದ್ದರು. ಅಲ್ಲಿಂದ ಮುಂದಕ್ಕೆ ಹೆಚ್ಚಿನ ಪಂದ್ಯಗಳನ್ನು ಆಡಿದವರು 38 ವರ್ಷದ ಅರ್ಲ್ ಮೊರಾಲ್. ಬಾಲ್ಟಿಮೋರ್ ಬಿಟ್ಟುಕೊಟ್ಟ ಅವರನ್ನು ಮಯಾಮಿ ಪಡೆದದ್ದು 100 ಡಾಲರಿಗೆ. ಅಗ್ಗವಾಗಿ ಸಿಕ್ಕರು ಎಂಬುದಲ್ಲ ಇಲ್ಲಿನ ವಿಷಯ. ಕೋಚ್ ಡಾನ್ ಶೂಲಾಗೆ ಮೊರಾಲ್ ಹೊಸಬರಾಗಿರಲಿಲ್ಲ. 1968ರಲ್ಲಿ ಬಾಲ್ಟಿಮೋರ್‌ನಲ್ಲಿ ಜಾನಿ ಯುನೈಟಸ್ ಗಾಯಗೊಂಡಾಗ ಇದೇ ಶೂಲಾ ಕೈಕೆಳಗೆ ಇದೇ ಮೊರಾಲ್ ತಂಡವನ್ನು ನಡೆಸಿ ಆ ವರ್ಷದ ಶ್ರೇಷ್ಠ ಆಟಗಾರ ಎನಿಸಿಕೊಂಡಿದ್ದರು. ಗೊತ್ತಿದ್ದೇ ಆರಿಸಿದ್ದು.

ಇದರ ಪಕ್ಕಕ್ಕೆ 2011ರ ಇಂಡಿಯಾನಾಪೊಲಿಸ್ ಇಡಿ. 1998ರಿಂದ ಅದರ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಲೀಗ್‌ನ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ, 208 ಪಂದ್ಯ. ಹದಿಮೂರು ವರ್ಷ ಮಳೆ ಬಾರದ ಊರಿನಲ್ಲಿ ಮಾಡಿಗೆ ಹಂಚು ಹೊದಿಸುವವರು ಯಾರು? ಮ್ಯಾನಿಂಗ್ ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳದೇ ಹೋದಾಗ, ಆಗಸ್ಟ್ ಕೊನೆಯಲ್ಲಿ, ನಿವೃತ್ತಿ ಹೇಳಿದ್ದ ಕೆರಿ ಕಾಲಿನ್ಸ್ ಅವರನ್ನು ಕರೆಸಿದರು. ಮೂರು ಪಂದ್ಯಕ್ಕೆ ಅವರೂ ಮೂಲೆ ಸೇರಿದರು. ಆಮೇಲೆ ಕರ್ಟಿಸ್ ಪೇಂಟರ್, ಆಮೇಲೆ ಡ್ಯಾನ್ ಓರ್ಲೋವ್‌ಸ್ಕಿ. ಮೊದಲ 13 ಪಂದ್ಯಗಳಲ್ಲಿ 13 ಸೋಲು. ಒಂದು ರಾತ್ರಿ ನ್ಯೂ ಆರ್ಲಿಯನ್ಸ್‌ನಲ್ಲಿ 62-7. ಹಿಂದಿನ ವರ್ಷ 10 ಪಂದ್ಯ ಗೆದ್ದಿದ್ದ ತಂಡ ಅದು. ವರ್ಷಾಂತ್ಯಕ್ಕೆ ಕೋಚ್ ಕೆಲಸ ಹೋಯಿತು, ತಂಡ ಕಟ್ಟಿದ್ದ ಬಿಲ್ ಪೋಲಿಯನ್ ಅವರದೂ ಹೋಯಿತು.

ಹಾಗಾದರೆ ಎಂಥವನನ್ನು ಆರಿಸಬೇಕು? ವಯಸ್ಸಾದವನೋ ಹುಡುಗನೋ ಎಂಬ ವಾದ ಪ್ರತಿವರ್ಷ ಏಳುತ್ತದೆ, ಅದರಲ್ಲಿ ಹುರುಳಿಲ್ಲ. ಪರ್ಡಿ 2022ರ ಡ್ರಾಫ್ಟ್‌ನಲ್ಲಿ 262ನೆಯವರಾಗಿ, ಎಲ್ಲರಿಗಿಂತ ಕೊನೆಗೆ ಆಯ್ಕೆಯಾದ ಹುಡುಗ. ಮೂರನೆಯವರಾಗಿ ಬಂದು ತಂಡವನ್ನು ಎತ್ತಿದರು. ಆದರೆ ಅಯೊವಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ನಾಲ್ಕು ವರ್ಷ ಆಡಿ ಬಂದಿದ್ದರು, ನೋಡಬೇಕಾದದ್ದು ಅದನ್ನು. ಪಂದ್ಯದ ಬಿಸಿಯಲ್ಲಿ ನಿಂತವನೇ, ಸೋತು ಮರುವಾರ ಮತ್ತೆ ನಿಂತವನೇ? ತೋಳಿನ ಬಲ ಅಳೆಯುವ ಮೊದಲು ಕೇಳಬೇಕಾದದ್ದು ಇದು. ಭರವಸೆಯ ಹುಡುಗನನ್ನು ಬೆಳೆಸಬೇಕೆಂದರೆ ಮೂರನೇ ಜಾಗವಿದೆ, ಅಲ್ಲಿ ಬೆಳೆಸಲಿ.

ಆರಿಸಿದರೆ ಸಾಲದು, ಆಡಿಸಬೇಕು. ಬುಧವಾರದ ಅಭ್ಯಾಸ ನೋಡಿದರೆ ಗೊತ್ತಾಗುತ್ತದೆ. ಮೊದಲ ತಂಡದ ಜೊತೆಗಿನ ಸ್ನ್ಯಾಪ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೊದಲ ಕ್ವಾರ್ಟರ್‌ಬ್ಯಾಕಿನವು. ಎರಡನೆಯವನು ಆಚೆ ಬದಿಯಲ್ಲಿ ಭಾನುವಾರದ ಎದುರಾಳಿಯ ವೇಷ ಹಾಕಿರುತ್ತಾನೆ. ಸಹಾಯಕ ಕೋಚ್ ದೊಡ್ಡ ಕಾರ್ಡ್ ಎತ್ತಿ ಹಿಡಿಯುತ್ತಾರೆ. ಅದರಲ್ಲಿ ಎದುರಾಳಿಯ ಆಟ ಬರೆದಿರುತ್ತದೆ. ಇವನು ಅದನ್ನು ನೋಡಿ ಆಡಿ ತೋರಿಸಬೇಕು, ತನ್ನ ರಕ್ಷಣಾ ಪಡೆಗೆ ತಾಲೀಮಾಗಲಿ ಎಂದು. ಅಂದರೆ ವಾರವಿಡೀ ಅವನು ಆಡುವುದು ಬೇರೆಯವರ ಆಟ, ಚೆಂಡು ಹಿಡಿಯುವುದು ಬೇರೆ ಸೆಂಟರ್‌ನಿಂದ. 2011ರ ಕಾರ್ಮಿಕ ಒಪ್ಪಂದದ ಮೇಲೆ ಪೂರ್ಣ ಕವಚ ತೊಟ್ಟು ಮಾಡುವ ಅಭ್ಯಾಸ ವರ್ಷದ ಲೀಗ್ ಹಂತವಿಡೀ ಒಂದು ತಂಡಕ್ಕೆ 14 ದಿನ ಮಾತ್ರ. ಆಟಗಾರರ ಮೈ ಉಳಿಸುವ ಒಳ್ಳೆಯ ನಿಯಮ, ಆದರೆ ಎರಡನೆಯವನಿಗೆ ಉಳಿಯುವ ಹೊತ್ತು ಇನ್ನೂ ಕಡಿಮೆಯಾಯಿತು. ಇಂಥವನನ್ನು ಭಾನುವಾರ ಏಕಾಏಕಿ ಕರೆಯುತ್ತೇವೆ. ಹೆಲ್ಮೆಟ್ಟಿನೊಳಗೆ ಕೋಚ್ ದನಿ ಕೇಳುತ್ತಿರುತ್ತದೆ; ಪ್ರತಿ ಆಟಕ್ಕಿರುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ನಿಲ್ಲುತ್ತದೆ. ಮುಂದೆ ಅವನೊಬ್ಬನೇ. ಜಾನ್ಸನ್ ಕೈಜಾರಿದ ಆ ಚೆಂಡಿಗೆ ಜಾನ್ಸನ್ ಒಬ್ಬರನ್ನೇ ದೂರುವುದು ನಮ್ಮಿಂದಾಗದು.

ಆ ಪಂದ್ಯದ ಬಳಿಕ 2023ರ ಮೇ ತಿಂಗಳಲ್ಲಿ ತಂಡಗಳ ಒಡೆಯರು ನಿಯಮ ತಿದ್ದಿದರು: ತುರ್ತಿಗೆಂದು ಮೂರನೇ ಕ್ವಾರ್ಟರ್‌ಬ್ಯಾಕನ್ನು ಪಂದ್ಯದ ದಿನದ ಪಟ್ಟಿಯ ಲೆಕ್ಕಕ್ಕೆ ಸೇರಿಸದೆ ಸಜ್ಜಾಗಿಡಬಹುದು. ಬೇಕಾದದ್ದೇ. ಆದರೆ ಅದು ಮೂರನೆಯವನ ಮಾತಾಯಿತು. ಎರಡನೆಯವನಿಗೆ ವಾರಕ್ಕೆ ಹತ್ತು ಸ್ನ್ಯಾಪ್ ಆದರೂ ಮೊದಲ ತಂಡದ ಜೊತೆ ಸಿಗಲಿ, ತಾನು ಆಡಬೇಕಾದ ಆಟಗಳನ್ನೇ ಆಡಲಿ. ಅದಕ್ಕೆ ನಿಯಮ ಬೇಡ, ಕೋಚ್ ಮನಸ್ಸು ಮಾಡಿದರೆ ಸಾಕು.

ಮನಸ್ಸು ಮಾಡಿದವರಿದ್ದರು. 2017ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್, ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಯುವ ಕಾರ್ಸನ್ ವೆಂಟ್ಜ್ ಗಟ್ಟಿಯಾಗಿಯೇ ಇದ್ದಾಗ, ಇದ್ದ ಬದಲಿ ಆಟಗಾರನನ್ನು ಕಳಿಸಿ ನಿಕ್ ಫೋಲ್ಸ್ ಅವರನ್ನು ಎರಡು ವರ್ಷಕ್ಕೆ 1.1 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಹಿಂದಿನ ವರ್ಷ ಆಟವನ್ನೇ ಬಿಡುವ ಯೋಚನೆಯಲ್ಲಿದ್ದವರು ಫೋಲ್ಸ್. ಆ ಡಿಸೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ ವೆಂಟ್ಜ್ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮುಂದೆ ಒಂದೆರಡು ಪಂದ್ಯಗಳಲ್ಲಿ ಫೋಲ್ಸ್ ತಡವರಿಸಿದರು. ಡಲ್ಲಾಸ್ ಎದುರು ತಂಡ ಒಂದು ಅಂಕವನ್ನೂ ಗಳಿಸದೆ 6-0ಕ್ಕೆ ಸೋತಿತು. ಆಗ ಕೋಚ್‌ಗಳು ಫೋಲ್ಸ್ ಅವರನ್ನು ತಿದ್ದಲು ಹೋಗಲಿಲ್ಲ. 2013ರಲ್ಲಿ ಇದೇ ಫಿಲಡೆಲ್ಫಿಯಾದಲ್ಲಿ 27 ಟಚ್‌ಡೌನ್ ಎಸೆದು ಎರಡೇ ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದ್ದ ಫೋಲ್ಸ್ ಅವರ ಹಳೆಯ ವಿಡಿಯೊ ತೆಗೆದು ನೋಡಿ, ಆಟಗಳ ಪುಸ್ತಕವನ್ನೇ ಅವರಿಗೆ ಒಗ್ಗುವಂತೆ ಬದಲಿಸಿದರು.

ಹೀಗೆ ಮಾಡಿದ ಇಬ್ಬರು ಯಾರು ಗೊತ್ತೇ? ಮುಖ್ಯ ಕೋಚ್ ಡಗ್ ಪೀಡರ್ಸನ್ ವರ್ಷಗಟ್ಟಲೆ ಗ್ರೀನ್ ಬೇಯಲ್ಲಿ ಬ್ರೆಟ್ ಫಾರ್ವ್ ಹಿಂದೆ ಬೆಂಚಿನ ಮೇಲೆ ಕೂತಿದ್ದವರು. ಅವರ ಸಹಾಯಕ ಫ್ರ್ಯಾಂಕ್ ರೈಕ್ ಬಫಲೊದಲ್ಲಿ ಜಿಮ್ ಕೆಲಿ ಹಿಂದೆ ಕೂತಿದ್ದವರು. 1993ರ ಜನವರಿಯಲ್ಲಿ ಗಾಯಾಳು ಕೆಲಿಯ ಜಾಗಕ್ಕೆ ಬಂದು, 35-3ರ ಹಿನ್ನಡೆಯಿಂದ ಹೂಸ್ಟನ್ ತಂಡವನ್ನು 41-38ಕ್ಕೆ ಸೋಲಿಸಿದವರು. ಆ ಬೆಂಚಿನ ತಣ್ಣನೆ ಇಬ್ಬರ ಮೈಗೂ ಗೊತ್ತಿತ್ತು.

2018ರ ಫೆಬ್ರುವರಿ 4, ಮಿನಿಯಾಪೊಲಿಸ್, ಸೂಪರ್ ಬೌಲ್. ಎದುರಿಗೆ ಟಾಮ್ ಬ್ರೇಡಿಯ ನ್ಯೂ ಇಂಗ್ಲೆಂಡ್. ಅರ್ಧ ಪಂದ್ಯಕ್ಕೆ 38 ಸೆಕೆಂಡ್ ಬಾಕಿ, ನಾಲ್ಕನೇ ಹಾಗೂ ಕೊನೆಯ ಯತ್ನ, ಗೋಲು ಗೆರೆ ಒಂದು ಗಜ ದೂರ. ಫೋಲ್ಸ್ ಮೈದಾನದ ಅಂಚಿಗೆ ಬಂದು ಒಂದು ಆಟದ ಹೆಸರು ಹೇಳಿ ಕೇಳಿದರು, ಆಡೋಣವೇ ಎಂದು. ಕ್ವಾರ್ಟರ್‌ಬ್ಯಾಕೇ ಓಡಿ ಚೆಂಡು ಹಿಡಿಯಬೇಕಾದ ಆಟ. ಪೀಡರ್ಸನ್ ಒಂದು ಗಳಿಗೆ ಸುಮ್ಮನಿದ್ದು ಹೂಂ ಎಂದರು. ಚೆಂಡು ಕೋರಿ ಕ್ಲೆಮೆಂಟ್ ಕೈಗೆ, ಅಲ್ಲಿಂದ ಟ್ರೇ ಬರ್ಟನ್ ಕೈಗೆ; ಬರ್ಟನ್ ಎಸೆದದ್ದು ಬಲಮೂಲೆಯಲ್ಲಿ ಒಬ್ಬರೇ ನಿಂತಿದ್ದ ಫೋಲ್ಸ್ ಕೈಗೆ ಬಂದು ಬಿತ್ತು.