'ಹಾಲು' 'ಆಲು' ಆದರೆ ಮಗು ಫೇಲಾ?

ಓದು ಪರೀಕ್ಷಿಸುವ ಆಪ್ ಒಂದನ್ನು ಫೋನಿಗೆ ಹಾಕಿಕೊಂಡು ಅಕ್ಕನ ಮಗಳ ಕೈಗೆ ಕೊಟ್ಟೆ. ಎರಡನೇ ಕ್ಲಾಸು. ಪರದೆ ಮೇಲೆ ಪದ ಬರುತ್ತದೆ, ಮಗು ಗಟ್ಟಿಯಾಗಿ ಓದಬೇಕು, ಸರಿಯೋ ತಪ್ಪೋ ಫೋನೇ ಹೇಳುತ್ತದೆ. 'ಹಾಲು' ಬಂತು. ಅವಳು 'ಆಲು' ಅಂದಳು. ತಪ್ಪು. 'ಹಸು' ಬಂತು. 'ಅಸು' ಅಂದಳು. ಮತ್ತೆ ತಪ್ಪು. ಮೂರನೇ ಸಲಕ್ಕೆ ಫೋನು ಚಾಪೆ ಮೇಲಿಟ್ಟು ಎದ್ದು ಹೋದಳು.

ನಮ್ಮ ಮಂಡ್ಯದ ಕಡೆ ಯಾರನ್ನಾದರೂ ಕೇಳಿ, ಅವಳಿಗೆ ಓದಲು ಬರುತ್ತದೆ ಅನ್ನುತ್ತಾರೆ. ನಾವು ಮಾತಾಡುವುದೇ ಹಾಗೆ. ಊರಿನ ಟೀಚರ್ ಆಗಿದ್ದರೆ ಸ್ಲೇಟು ಕೊಟ್ಟು 'ಹ' ಬರಿ ನೋಡೋಣ ಅನ್ನುತ್ತಿದ್ದರು. ಅವಳು ಬರೆಯುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಇಂಥ ಆಪ್ ಶಾಲೆಗೆ ಬರುವ ಮುಂಚೆ ಅದು ಯಾವ ಊರಿನ ಮಕ್ಕಳ ದನಿ ಕೇಳಿ ಕಲಿತಿದೆ ಅಂತ ನಾವು ಕೇಳಲೇಬೇಕು. ಮಂಡ್ಯದ್ದೇ? ಕಲಬುರಗಿಯದ್ದೇ? ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಮಗುವಿನದ್ದೇ?

ತಂತ್ರಜ್ಞಾನವೇ ಬೇಡ ಅನ್ನುತ್ತಿಲ್ಲ. ನಮ್ಮ ರಾಜ್ಯದ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇದೆ. ಕೂಲಿಗೆಂದು ಅಪ್ಪ ಅಮ್ಮ ಊರು ಬಿಟ್ಟರೆ, ಮಗು ಸೇರುವ ಹೊಸ ಶಾಲೆಗೆ ಆ ಸಂಖ್ಯೆ ಉಪಯೋಗಕ್ಕೆ ಬರುತ್ತದೆ. ಅದು ಒಳ್ಳೆಯದೇ. ಆದರೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಅಂತ ಅಂಕ ತುಂಬಿದ ಮೇಲೆ ಉಳಿಯುವುದು ಒಂದು ಗ್ರೇಡು. 'ಬಿ' ಬಂದ ಮಗುವಿಗೆ ಒತ್ತಕ್ಷರ ತೊಡಕೋ, ಬೋರ್ಡು ಕಾಣುತ್ತಿಲ್ಲವೋ, ಬೆಳಿಗ್ಗೆ ಹೊಟ್ಟೆಗೇ ಬಿದ್ದಿಲ್ಲವೋ? ಗ್ರೇಡು ಅದನ್ನು ಹೇಳುವುದಿಲ್ಲ. ನೆಟ್‌ವರ್ಕ್‌ಗಾಗಿ ಶಾಲೆಯ ತಾರಸಿ ಹತ್ತುವ ಮೇಷ್ಟ್ರೊಬ್ಬರು ನನ್ನ ಹತ್ತಿರ ಅಂದರು: "ಎಂಟ್ರಿ ಮುಗೀತಾ ಅಂತ ಕೇಳೋಕೆ ಫೋನ್ ಬರುತ್ತಪ್ಪ. ಆ ಮಗುಗೆ ಆಮೇಲೇನು ಮಾಡಿದ್ರಿ ಅಂತ ಯಾರೂ ಕೇಳಲ್ಲ."

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ ಕಲಿಯನ್ನು ನೆನಪಿಸಿಕೊಳ್ಳಿ. ಕಲಿಕೆಯ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಮಗುವಿಗೇ ಗೊತ್ತಿರುತ್ತಿತ್ತು. ಗೋಡೆಗೆ ಅಂಟಿಸಿದ ಕಾಗದ ಅಷ್ಟೇ, ಚಾರ್ಜು ಹಾಕುವ ಕೆಲಸವಿಲ್ಲ! ನಾಳೆ ಏನು ಕಲಿಸಬೇಕು ಅನ್ನುವುದು ಟೀಚರಿಗೆ ಇವತ್ತೇ ಗೊತ್ತಾಗುತ್ತಿತ್ತು. ಈಗಿನ ಡೇಟಾ ಮೇಲಕ್ಕೆ ಹೋಗುವಷ್ಟೇ ಬೇಗ ಕ್ಲಾಸಿಗೆ ವಾಪಸ್ ಬರಲಿ. ನಾನು ಕೇಳುವುದು ಇಷ್ಟೇ.

ಮೊನ್ನೆ ಡೈರಿ ಮುಂದೆ ಅದೇ ಹುಡುಗಿ ಬೋರ್ಡು ಓದಿದಳು. 'ಆಲು' ಸಲೀಸಾಗಿ ಬಂತು. 'ಉತ್ಪಾದಕರ' ಅನ್ನುವಲ್ಲಿ ಒತ್ತಕ್ಷರಕ್ಕೆ ಸಿಕ್ಕಿಕೊಂಡಳು. ಅವಳಿಗೆ ಕಲಿಸಬೇಕಾಗಿರುವುದು ಅದನ್ನು.