ನಂಬಿದ ಮೇಲೂ ಪಾಪವೇ?

ಕ್ರಿಸ್ತನನ್ನು ನಂಬಿದ ಮೇಲೆ ಪಾಪ ನಿಂತುಹೋಗಬೇಕಲ್ಲವೇ? ದಿವಾದಲ್ಲಿ ನಾನಾ ಮತದ ಕನ್ನಡಿಗರು ಒಂದೇ ಚಾಳಿನಲ್ಲಿ ಬಾಳುವಾಗ ಈ ಪ್ರಶ್ನೆ ಚುಚ್ಚುಮಾತಾಗಿಯೂ ಬರುವುದುಂಟು: “ಭಾನುವಾರ ಪ್ರಾರ್ಥನೆ, ಸೋಮವಾರ ನಲ್ಲಿಯ ಹತ್ತಿರ ಜಗಳ!”

ಬೈಬಲ್ಲೇ ಎರಡು ಮಾತು ಆಡುವಂತೆ ತೋರುತ್ತದೆ. ಯೋಹಾನನ ಮೊದಲನೆಯ ಪತ್ರಿಕೆಯ 1ನೆಯ ಅಧ್ಯಾಯವು, ತನ್ನಲ್ಲಿ ಪಾಪವಿಲ್ಲವೆನ್ನುವವನು ತನಗೆ ತಾನೇ ಮೋಸಮಾಡಿಕೊಳ್ಳುತ್ತಾನೆನ್ನುತ್ತದೆ. 3ನೆಯ ಅಧ್ಯಾಯವು, ದೇವರಿಂದ ಹುಟ್ಟಿದವನು ಪಾಪ ಮಾಡನೆನ್ನುತ್ತದೆ. ಎರಡನೆಯದಕ್ಕೆ ‘ಮಾಡುತ್ತಲೇ ಇರನು’ ಎಂದು ಗ್ರೀಕ್ ಬಲ್ಲ ಅನೇಕ ಪಂಡಿತರು ಅರ್ಥ ಹೇಳುತ್ತಾರೆ. ಎಡವುವುದು ಬೇರೆ, ಬಿದ್ದಲ್ಲೇ ಹಾಸಿಗೆ ಹಾಸುವುದು ಬೇರೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಇದನ್ನು ಅರಿತಿದ್ದರು. ಅವರ ಸಭೆಗಳಲ್ಲಿ ಶಿಸ್ತು ಬಿಗಿ. ಕುಡಿತ ಮೊದಲಾದವುಗಳಿಗೆ ಬಿದ್ದವನನ್ನು ಕರ್ತನ ಭೋಜನದಿಂದ ದೂರವಿಡುತ್ತಿದ್ದರು. ಪಶ್ಚಾತ್ತಾಪಪಟ್ಟರೆ ಮರಳಿ ಸೇರಿಸಿಕೊಳ್ಳುತ್ತಿದ್ದರು. ದೀಕ್ಷಾಸ್ನಾನದೊಡನೆ ಪಾಪ ಮುಗಿಯುವುದಾಗಿದ್ದರೆ ಈ ಕಟ್ಟಳೆ ಬೇಕಿರಲಿಲ್ಲ. ಪಾಪ ಲೆಕ್ಕಕ್ಕಿಲ್ಲವೆಂದಿದ್ದರೂ ಬೇಕಿರಲಿಲ್ಲ.

ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯು 18ನೆಯ ಶತಮಾನದಲ್ಲಿ, ಈ ಲೋಕದಲ್ಲಿರುವಾಗಲೇ ಪ್ರೀತಿಯಲ್ಲಿ ಪೂರ್ಣತೆ ದೊರೆಯಬಲ್ಲುದೆಂದು ಬೋಧಿಸಿದನು. ಆದರೆ ತನಗೇ ಅದು ದೊರೆತಿದೆಯೆಂದು ಹೇಳಿಕೊಳ್ಳಲಿಲ್ಲ.

ಆದುದರಿಂದ ನಮಗೆ ತೋರುವುದಿಷ್ಟು. ಸೋಮವಾರ ಜಗಳವಾಡಿದನೆಂದು ಒಬ್ಬನ ನಂಬಿಕೆಯನ್ನು ಸುಳ್ಳೆನ್ನುವ ಮೊದಲು, ಮಂಗಳವಾರ ಅವನು ನೆರೆಯವನ ಬಾಗಿಲಿಗೆ ಹೋದನೇ ಎಂದು ನೋಡೋಣ. ಹೋಗದೆ, “ದೇವರು ಕ್ಷಮಿಸಿಯಾಯಿತು” ಎಂದು ಸುಮ್ಮನೆ ಕುಳಿತರೆ ಆಗ ಪ್ರಶ್ನೆ ಕೇಳಬಹುದು. ಈ ಅಳತೆಗೋಲನ್ನು ವಾಚಕರು, ಯಾವ ಮತದವರೇ ಆಗಲಿ, ಮೊದಲು ತಮ್ಮ ಮನೆಯಲ್ಲೇ ಇಟ್ಟು ನೋಡುವುದು ಲೇಸು.